‘ಡಿಸ್ಕಸ್ ಅಬೌಟ್’ ತಪ್ಪು, ‘ಡಿಸ್ಕಷನ್ ಅಬೌಟ್’ ಸರಿ: ಯಾಕೆ ಹೀಗೆ?

ಪ್ರಶ್ನೆ: ಇಂಗ್ಲಿಷ್ ಓದಿದರೆ ನನಗೆ ಅರ್ಥ ಆಗುತ್ತದೆ. ಟೆನ್ಸ್ ಕೂಡ ತಕ್ಕಮಟ್ಟಿಗೆ ಗೊತ್ತು. ಆದರೆ ಬರೆಯಲು ಕೂತರೆ ಯಾವ ಪದದ ಜೊತೆ ಯಾವ ಪ್ರಿಪೊಸಿಷನ್ ಹಾಕಬೇಕು ಎಂದು ತಿಳಿಯುವುದೇ ಇಲ್ಲ. ಮೊನ್ನೆ ಒಂದು ಮೇಲ್‌ನಲ್ಲಿ ‘ವಿ ಡಿಸ್ಕಸ್ಡ್ ಅಬೌಟ್ ದ ಪ್ಲಾನ್’, ‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದ ರೀಸನ್’, ‘ಹಿ ಈಸ್ ಆಂಗ್ರಿ ಆನ್ ಮಿ’ ಎಂದು ಬರೆದಿದ್ದೆ. ಮೂರೂ ತಪ್ಪು ಎಂದು ಒಬ್ಬರು ಹೇಳಿದರು. ಕೊನೆಯ ಸಾಲು ‘ದಿಸ್ ಈಸ್ ದ ಪ್ರಾಬ್ಲಮ್ ವಿ ಆರ್ ಫೇಸಿಂಗ್’ ಎಂದಿತ್ತು. ಅದರಲ್ಲೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿದೆ. ಇದಕ್ಕೆಲ್ಲ ನಿಯಮ ಇದೆಯೇ, ಇಲ್ಲ ಸುಮ್ನೆ ಬಾಯಿಪಾಠ ಮಾಡಬೇಕೇ?

ಉತ್ತರ: ಕೊನೆಯ ಸಾಲನ್ನು ಕೊನೆಗೇ ನೋಡೋಣ. ಮೊದಲ ಮೂರನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ಪ್ಲಾನ್ ಬಗ್ಗೆ ಚರ್ಚಿಸಿದೆವು’, ‘ನನಗೆ ಕಾರಣ ವಿವರಿಸಿ’, ‘ಅವನಿಗೆ ನನ್ನ ಮೇಲೆ ಕೋಪ’. ‘ಬಗ್ಗೆ’ ಇದ್ದ ಕಡೆ ‘ಅಬೌಟ್’ ಬಂತು. ‘ನನಗೆ’ ಇದ್ದ ಕಡೆ ‘ಮಿ’ ಬಂತು. ‘ಮೇಲೆ’ ಇದ್ದ ಕಡೆ ‘ಆನ್’ ಬಂತು. ನೀವು ಕಣ್ಣು ಮುಚ್ಚಿ ಬರೆದವರಲ್ಲ, ಅರ್ಥ ನೋಡಿಕೊಂಡೇ ಬರೆದಿದ್ದೀರಿ. ತೊಡಕು ಇರುವುದೂ ಅಲ್ಲೇ. ಇಂಗ್ಲಿಷಿನಲ್ಲಿ ಯಾವ ಪ್ರಿಪೊಸಿಷನ್ ಬರಬೇಕು ಎಂದು ಎಷ್ಟೋ ಸಲ ಅರ್ಥ ಹೇಳುವುದಿಲ್ಲ, ಪಕ್ಕದ ಪದ ಹೇಳುತ್ತದೆ.

ಇದು ಇಂಗ್ಲಿಷಿನ ವಿಚಿತ್ರ ಎಂದುಕೊಳ್ಳಬೇಡಿ. ಕನ್ನಡದಲ್ಲೂ ಹೀಗೇ. ‘ನಾಯಿಯನ್ನು ನೋಡಿದ’, ‘ನಾಯಿಗೆ ಹೆದರಿದ’, ‘ನಾಯಿಯಿಂದ ತಪ್ಪಿಸಿಕೊಂಡ’. ಹೆದರು ಎಂಬುದಕ್ಕೆ ‘ಗೆ’ ಯಾಕೆ ಬೇಕು? ಭಯ ಹುಟ್ಟುವುದು ನಾಯಿಯಿಂದ ತಾನೇ? ಹಾಗಾಗಿ ‘ನಾಯಿಯಿಂದ ಹೆದರಿದ’ ಅನ್ನುವುದೇ ತರ್ಕಕ್ಕೆ ಹತ್ತಿರ. ಕನ್ನಡ ಹೊಸದಾಗಿ ಕಲಿಯುವವರು ಹಾಗೆ ಅಂದುಬಿಡುವುದೂ ಉಂಟು. ಕೇಳಿದ ಕೂಡಲೇ ನಮ್ಮ ಕಿವಿಗೆ ಚುಚ್ಚುತ್ತದೆ. ಆದರೆ ಯಾಕೆ ತಪ್ಪು ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ. ‘ಹೆದರು’ ಪದವನ್ನು ನಾವು ಕಲಿತದ್ದೇ ‘ಗೆ’ ಜೊತೆಯಲ್ಲಿ, ಅಷ್ಟೇ.

ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಲ್ಲಿಗೆ ಆಗ ‘ಸ್ತಾನ್’ ಎನ್ನುತ್ತಿದ್ದರು. ‘ಸ್ತಾನೆಸ್’ ಅಂದರೆ ಕಲ್ಲಿನ, ‘ಸ್ತಾನೆ’ ಅಂದರೆ ಕಲ್ಲಿಗೆ. ಮುಂದಿನ ಕೆಲವು ಶತಮಾನಗಳಲ್ಲಿ ಈ ಬಾಲಗಳು ಒಂದೊಂದಾಗಿ ಸವೆದುಹೋದವು. ಇವತ್ತು ‘ಜಾನ್ಸ್ ಬುಕ್’ ಅನ್ನುವಾಗ ಬರುವ ‘ಸ್’ ಮಾತ್ರ ಆ ಹಳೆಯ ‘ಎಸ್’ನ ಪಳೆಯುಳಿಕೆ. ಬಾಲಗಳು ಹೋದಮೇಲೆ ಅವು ಮಾಡುತ್ತಿದ್ದ ಕೆಲಸ ಇಬ್ಬರ ಹೆಗಲಿಗೆ ಬಿತ್ತು. ಒಂದು, ವಾಕ್ಯದಲ್ಲಿ ಪದಗಳು ಬರುವ ಕ್ರಮ. ಇನ್ನೊಂದು, ಪ್ರಿಪೊಸಿಷನ್. ಅದಕ್ಕೇ ‘ಇನ್’, ‘ಆನ್’, ‘ಅಟ್’, ‘ಟು’ ಮುಂತಾದ ಪುಟ್ಟ ಪದಗಳು ಈಗ ಹೊರುವ ಹೊರೆ ಇಷ್ಟು ಜಾಸ್ತಿ. ಜಾಗ, ದಿಕ್ಕು ತೋರಿಸಲು ಹುಟ್ಟಿದ ಪದಗಳು ಕೋಪ, ನಂಬಿಕೆ, ಕಾರಣ, ಆಸೆ ಎಲ್ಲವನ್ನೂ ಹೊರಬೇಕಾಗಿ ಬಂತು. ಹೊರುತ್ತಾ ಹೊರುತ್ತಾ ಅವುಗಳ ಮೂಲ ಅರ್ಥ ಮಸುಕಾಯಿತು.

ಈಗ ನಿಮ್ಮ ಮೊದಲ ತಪ್ಪಿಗೆ ಬರೋಣ. ಇಲ್ಲಿ ನಿಜವಾಗಿಯೂ ಒಂದು ನಿಯಮ ಇದೆ. ಪಾಠ ಮಾಡುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದು ನನಗೆ ಯಾವಾಗಲೂ ಬೇಸರ. ‘ವಿ ಡಿಸ್ಕಸ್ಡ್ ದ ಪ್ಲಾನ್’ ಸರಿ. ‘ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದ ಪ್ಲಾನ್’ ಕೂಡ ಸರಿ. ಮಾತು ಒಂದೇ. ಒಂದು ಕಡೆ ‘ಅಬೌಟ್’ ಬೇಡ, ಇನ್ನೊಂದು ಕಡೆ ಬೇಕು. ಕಾರಣ ಇಷ್ಟೇ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಕೈ ಇದೆ, ನಾಮಪದಕ್ಕೆ ಕೈ ಇಲ್ಲ. ‘ಡಿಸ್ಕಸ್’ ಕ್ರಿಯಾಪದ, ಅದು ‘ಪ್ಲಾನ್’ ಎಂಬುದನ್ನು ತಾನೇ ಹಿಡಿದುಕೊಳ್ಳುತ್ತದೆ. ‘ಡಿಸ್ಕಷನ್’ ನಾಮಪದ, ಅದಕ್ಕೆ ಪ್ಲಾನನ್ನು ನೇರವಾಗಿ ಹಿಡಿಯಲು ಆಗುವುದಿಲ್ಲ. ನಡುವೆ ಒಂದು ಕೊಂಡಿ ಬೇಕು. ಆ ಕೊಂಡಿಯೇ ಪ್ರಿಪೊಸಿಷನ್.

ಈ ಒಂದು ಮಾತು ತಲೆಯಲ್ಲಿ ಕೂತರೆ ಎಷ್ಟೋ ತಪ್ಪುಗಳು ತಾವಾಗೇ ಬಿದ್ದುಹೋಗುತ್ತವೆ. ‘ಆನ್ಸರ್ ದ ಕ್ವೆಶ್ಚನ್’, ಆದರೆ ‘ದ ಆನ್ಸರ್ ಟು ದ ಕ್ವೆಶ್ಚನ್’. ‘ವಿಸಿಟ್ ದ ಮ್ಯೂಸಿಯಂ’, ಆದರೆ ‘ಎ ವಿಸಿಟ್ ಟು ದ ಮ್ಯೂಸಿಯಂ’. ‘ದೇ ಡಿಮ್ಯಾಂಡೆಡ್ ಚೇಂಜ್’, ಆದರೆ ‘ದೇರ್ ಡಿಮ್ಯಾಂಡ್ ಫಾರ್ ಚೇಂಜ್’. ‘ಹಿ ಲ್ಯಾಕ್ಸ್ ಕಾನ್ಫಿಡೆನ್ಸ್’, ಆದರೆ ‘ಹಿಸ್ ಲ್ಯಾಕ್ ಆಫ್ ಕಾನ್ಫಿಡೆನ್ಸ್’. ‘ಎಂಫಸೈಸ್ ದ ಪಾಯಿಂಟ್’, ಆದರೆ ‘ಎಂಫಸಿಸ್ ಆನ್ ದ ಪಾಯಿಂಟ್’. ‘ಇಟ್ ಅಫೆಕ್ಟ್ಸ್ ಹೆಲ್ತ್’, ಆದರೆ ‘ಇಟ್ ಹ್ಯಾಸ್ ಆ್ಯನ್ ಎಫೆಕ್ಟ್ ಆನ್ ಹೆಲ್ತ್’. ‘ಲ್ಯಾಕ್’, ‘ಡಿಮ್ಯಾಂಡ್’, ‘ವಿಸಿಟ್’, ‘ಆನ್ಸರ್’ ಇಂಥವು ಕ್ರಿಯಾಪದವಾದರೂ ನಾಮಪದವಾದರೂ ಬರಹದಲ್ಲಿ ಒಂದೇ ರೂಪ. ಹಾಗಾಗಿಯೇ ‘ಹಿ ಲ್ಯಾಕ್ಸ್ ಆಫ್ ಕಾನ್ಫಿಡೆನ್ಸ್’ ಎಂಬ ತಪ್ಪು ಅಷ್ಟು ಸುಲಭವಾಗಿ ನುಸುಳುತ್ತದೆ. ನಾಮಪದದ ಕೊಂಡಿಯನ್ನು ತಂದು ಕ್ರಿಯಾಪದಕ್ಕೆ ಸಿಕ್ಕಿಸಿದ ಹಾಗೆ ಅದು.

ಎಲ್ಲ ಕ್ರಿಯಾಪದಕ್ಕೂ ಕೈ ಇರುತ್ತದೆಯೇ? ಇಲ್ಲ. ‘ವೇಟ್’, ‘ಲಿಸನ್’, ‘ಡಿಪೆಂಡ್’ ಇವಕ್ಕೂ ಕೊಂಡಿ ಬೇಕು: ‘ವೇಟ್ ಫಾರ್ ಹರ್’, ‘ಲಿಸನ್ ಟು ಮ್ಯೂಸಿಕ್’, ‘ಡಿಪೆಂಡ್ ಆನ್ ಅಸ್’. ನಾವು ‘ಸಂಗೀತ ಕೇಳು’ ಎಂದು ಪ್ರತ್ಯಯವೇ ಇಲ್ಲದೆ ಹೇಳುತ್ತೇವೆ, ಅದಕ್ಕೆ ‘ಲಿಸನ್ ಮ್ಯೂಸಿಕ್’ ಬಾಯಿಗೆ ಬರುತ್ತದೆ. ತಿರುಗಾ ಮುರುಗಾ ಕೂಡ ಆಗುತ್ತದೆ. ‘ನನಗೆ ಕಾಲ್ ಮಾಡು’ ಅನ್ನುವ ಅಭ್ಯಾಸದಿಂದ ‘ಕಾಲ್ ಟು ಮಿ’ ಎಂದು ಬರೆಯುತ್ತೇವೆ. ಅಲ್ಲಿ ‘ಕಾಲ್ ಮಿ’ ಸಾಕು.

ಕೊಂಡಿ ಬೇಕು ಎಂದು ಗೊತ್ತಾಯಿತು. ಯಾವ ಕೊಂಡಿ? ಇಲ್ಲಿ ಪೂರ್ತಿ ನಿಯಮ ಇಲ್ಲ, ಆದರೆ ಪೂರ್ತಿ ಕತ್ತಲೂ ಇಲ್ಲ. ನಾಮಪದಗಳು ಗುಂಪುಗುಂಪಾಗಿ ನಡೆಯುತ್ತವೆ. ಬೇಕು, ಬೇಡಿಕೆ, ಹುಡುಕಾಟದ ಪದಗಳಿಗೆ ಸಾಮಾನ್ಯವಾಗಿ ‘ಫಾರ್’ ಬರುತ್ತದೆ: ‘ನೀಡ್ ಫಾರ್’, ‘ರಿಕ್ವೆಸ್ಟ್ ಫಾರ್’, ‘ಡಿಸೈರ್ ಫಾರ್’, ‘ಸರ್ಚ್ ಫಾರ್’. ಮೇಲಿನಿಂದ ಭಾರ ಬಿದ್ದ ಹಾಗಿರುವ ಪದಗಳಿಗೆ ‘ಆನ್’: ‘ಪ್ರೆಷರ್ ಆನ್’, ‘ಇಂಪ್ಯಾಕ್ಟ್ ಆನ್’, ‘ಅಟ್ಯಾಕ್ ಆನ್’, ‘ಟ್ಯಾಕ್ಸ್ ಆನ್’, ‘ಬ್ಯಾನ್ ಆನ್’. ಏರುಪೇರಿನ ಪದಗಳಿಗೆ ‘ಇನ್’: ‘ರೈಸ್ ಇನ್’, ‘ಫಾಲ್ ಇನ್’, ‘ಇನ್‌ಕ್ರೀಸ್ ಇನ್’, ‘ಚೇಂಜ್ ಇನ್’. ಒಂದಕ್ಕೆ ಇನ್ನೊಂದು ಹೊಂದಿಕೊಳ್ಳುವ ಅಥವಾ ಎದುರಾಗುವ ಪದಗಳಿಗೆ ‘ಟು’: ‘ಕೀ ಟು’, ‘ಸಲ್ಯೂಷನ್ ಟು’, ‘ರಿಯಾಕ್ಷನ್ ಟು’, ‘ಥ್ರೆಟ್ ಟು’. ಬೀಗದ ಕೀಲಿ ಕೈ ‘ದ ಕೀ ಆಫ್ ದ ಡೋರ್’ ಅಲ್ಲ, ‘ದ ಕೀ ಟು ದ ಡೋರ್’ ಎಂದು ಒಮ್ಮೆ ಕಿವಿಗೆ ಬಿದ್ದರೆ ‘ಸಲ್ಯೂಷನ್ ಟು ದ ಪ್ರಾಬ್ಲಮ್’ ಕಷ್ಟವೇ ಅಲ್ಲ.

ಎರಡನೇ ತಪ್ಪು, ‘ಎಕ್ಸ್‌ಪ್ಲೇನ್ ಮಿ’. ‘ಗಿವ್ ಮಿ’, ‘ಟೆಲ್ ಮಿ’, ‘ಶೋ ಮಿ’, ‘ಸೆಂಡ್ ಮಿ’ ಎಲ್ಲ ಸರಿ ಇರುವಾಗ ‘ಎಕ್ಸ್‌ಪ್ಲೇನ್ ಮಿ’ ಏನು ಪಾಪ ಮಾಡಿತು? ಪದಗಳ ಹುಟ್ಟನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಗಿವ್, ಟೆಲ್, ಶೋ, ಸೆಂಡ್ ಇವು ಇಂಗ್ಲಿಷಿನ ಹಳೆಯ ಸ್ವಂತ ಬಳಗದ ಚಿಕ್ಕ ಪದಗಳು. ಇವು ‘ಯಾರಿಗೆ’, ‘ಏನನ್ನು’ ಎಂಬ ಎರಡನ್ನೂ ಕೊಂಡಿಯಿಲ್ಲದೆ ಹಿಡಿಯುತ್ತವೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್, ಮೆನ್ಷನ್, ಇಂಟ್ರೊಡ್ಯೂಸ್ ಇವು ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದವು. ಇವು ‘ಏನನ್ನು’ ಎಂಬುದನ್ನು ಮಾತ್ರ ನೇರವಾಗಿ ಹಿಡಿಯುತ್ತವೆ. ‘ಯಾರಿಗೆ’ ಎಂದು ಹೇಳಬೇಕಾದರೆ ‘ಟು’ ಬೇಕು: ‘ಎಕ್ಸ್‌ಪ್ಲೇನ್ ದ ರೀಸನ್ ಟು ಮಿ’. ಇದು ಒಲವು ಮಾತ್ರ, ಕಟ್ಟಳೆ ಅಲ್ಲ. ‘ಸೇ’ ಸ್ವಂತ ಬಳಗದ ಪದವಾದರೂ ‘ಸೇ ಮಿ’ ಆಗುವುದಿಲ್ಲ. ‘ಪ್ರಾಮಿಸ್’ ಹೊರಗಿನಿಂದ ಬಂದದ್ದಾದರೂ ‘ಪ್ರಾಮಿಸ್ ಮಿ’ ಆಗುತ್ತದೆ. ಆದರೂ ಅನುಮಾನ ಬಂದಾಗ ಪದ ಉದ್ದ, ಗಂಭೀರ ಅನ್ನಿಸಿದರೆ ‘ಟು’ ಹಾಕಿ. ಬಹಳಷ್ಟು ಸಲ ಸರಿಯಾಗಿಯೇ ಇರುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟದ ವಿಷಯ, ನಮ್ಮ ‘ಮೇಲೆ’. ಕನ್ನಡದಲ್ಲಿ ಮನಸ್ಸಿನ ಎಷ್ಟೋ ಭಾವಗಳು ಇನ್ನೊಬ್ಬರ ಮೇಲೆ ಹೋಗಿ ಕೂರುತ್ತವೆ. ಅವನ ಮೇಲೆ ಕೋಪ, ಅವಳ ಮೇಲೆ ಪ್ರೀತಿ, ಅವರ ಮೇಲೆ ನಂಬಿಕೆ, ಇವನ ಮೇಲೆ ಅನುಮಾನ. ಇಂಗ್ಲಿಷ್ ಒಂದೊಂದಕ್ಕೆ ಒಂದೊಂದು ಜಾಗ ಕೊಡುತ್ತದೆ. ಕೋಪ ‘ವಿತ್’ ಅಥವಾ ‘ಅಟ್’: ‘ಆಂಗ್ರಿ ವಿತ್ ಮಿ’. ಪ್ರೀತಿ ‘ಫಾರ್’: ‘ಹಿಸ್ ಲವ್ ಫಾರ್ ಹರ್’. ನಂಬಿಕೆ ‘ಇನ್’: ‘ಫೇತ್ ಇನ್ ದೆಮ್’. ಅನುಮಾನ ‘ಆಫ್’: ‘ಸಸ್ಪಿಷಸ್ ಆಫ್ ಹಿಮ್’. ಕೋಪ ವ್ಯಕ್ತಿಯ ಮೇಲಲ್ಲದೆ ಒಂದು ಸಂಗತಿಯ ಬಗ್ಗೆ ಇದ್ದರೆ ‘ಅಬೌಟ್’: ‘ಆಂಗ್ರಿ ಅಬೌಟ್ ದ ಡಿಲೇ’. ಇಷ್ಟರಲ್ಲಿ ಒಂದಕ್ಕೂ ‘ಆನ್’ ಇಲ್ಲ, ಗಮನಿಸಿದಿರಾ? ಭಾವನೆಯ ಮಾತು ಬರೆಯುವಾಗ ‘ಆನ್’ ಕೈಗೆ ಬಂದರೆ ಅದು ನಮ್ಮ ‘ಮೇಲೆ’ಯೇ ವೇಷ ಹಾಕಿಕೊಂಡು ಬಂದಿದೆ ಎಂದು ತಿಳಿಯಿರಿ, ಒಂದು ಕ್ಷಣ ನಿಲ್ಲಿ.

‘ಆಂಗ್ರಿ ಅಟ್’ ಎಂದಾಗಿನ ‘ಅಟ್’ ಒಳಗೆ ಒಂದು ಸೂಕ್ಷ್ಮ ಇದೆ. ಒಮ್ಮೆ ಒಬ್ಬ ಹುಡುಗ ತನ್ನ ಗೆಳೆಯನ ಜೊತೆ ಆಡಿದ್ದನ್ನು ಬರೆಯುತ್ತಾ ‘ಹಿ ಥ್ರೂ ದ ಬಾಲ್ ಅಟ್ ಮಿ’ ಎಂದು ಬರೆದಿದ್ದ. ‘ಯಾಕಪ್ಪಾ, ಇಬ್ಬರಿಗೂ ಜಗಳವಾ?’ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ‘ಥ್ರೋ ಟು ಮಿ’ ಅಂದರೆ ಹಿಡಿಯಲಿ ಎಂದು ಎಸೆಯುವುದು. ‘ಥ್ರೋ ಅಟ್ ಮಿ’ ಅಂದರೆ ತಾಗಲಿ ಎಂದು ಎಸೆಯುವುದು. ‘ಅಟ್’ ಗುರಿ ಇಡುತ್ತದೆ. ‘ಶೌಟ್ ಟು ಹಿಮ್’ ಎಂದರೆ ದೂರದಲ್ಲಿರುವವನಿಗೆ ಕೇಳಿಸಲಿ ಎಂದು ಕೂಗುವುದು, ‘ಶೌಟ್ ಅಟ್ ಹಿಮ್’ ಎಂದರೆ ಅವನ ಮೇಲೆ ರೇಗುವುದು. ‘ಲಾಫ್ ವಿತ್ ಹರ್’ ಎಂದರೆ ಅವಳ ಜೊತೆ ನಗುವುದು, ‘ಲಾಫ್ ಅಟ್ ಹರ್’ ಎಂದರೆ ಅವಳನ್ನು ನೋಡಿ ನಗುವುದು. ಎರಡೇ ಅಕ್ಷರದ ಪದ, ಆದರೆ ಸ್ನೇಹವನ್ನು ಜಗಳ ಮಾಡಿಬಿಡಬಲ್ಲದು. ಇಂಥ ಕಡೆ ಪ್ರಿಪೊಸಿಷನ್ ತಪ್ಪಿದರೆ ವ್ಯಾಕರಣ ಕೆಡುವುದು ಹಾಗಿರಲಿ, ಮಾತೇ ಬೇರೆ ಆಗುತ್ತದೆ.

ಇನ್ನು ಮೂರೂ ಸೇರುವ ಕಡೆಗೆ ಬರುತ್ತೇನೆ, ಅಂದರೆ ಕ್ರಿಯಾಪದ, ನಾಮಪದ, ಪ್ರಿಪೊಸಿಷನ್ ಒಂದೇ ಉಸಿರಿನಲ್ಲಿ ಬರುವ ಕಡೆಗೆ. ‘ಪೇ ಅಟೆನ್ಷನ್ ಟು’, ‘ಟೇಕ್ ಕೇರ್ ಆಫ್’, ‘ಟೇಕ್ ಪಾರ್ಟ್ ಇನ್’, ‘ಪುಟ್ ಪ್ರೆಷರ್ ಆನ್’. ದಿನದ ಮಾತಿನ ಬೆನ್ನೆಲುಬು ಇವೇ. ಇಲ್ಲಿ ಎಡಗಡೆಯ ಕ್ರಿಯಾಪದವೂ ಮೋಸ ಮಾಡುತ್ತದೆ. ಕನ್ನಡದ ‘ಮಾಡು’ ಎಲ್ಲಕ್ಕೂ ಸೈ. ತಪ್ಪು ಮಾಡು, ಕೆಲಸ ಮಾಡು, ಸ್ನಾನ ಮಾಡು, ಭಾಷಣ ಮಾಡು, ನಿದ್ದೆ ಮಾಡು. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಕೆಲಸಕ್ಕೆ ‘ಡು’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ಭಾಷಣಕ್ಕೆ ‘ಗಿವ್’ ಅಥವಾ ‘ಮೇಕ್’. ನಿದ್ದೆಗೆ ‘ಸ್ಲೀಪ್’ ಒಂದೇ ಸಾಕು. ಬೈದುಕೊಳ್ಳುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. ಇಂಗ್ಲಿಷಿನವರು ಎಲ್ಲಕ್ಕೂ ‘ವೇರ್’ ಅಂದರೆ ಮುಗಿಯಿತು. ನಾವು ಬಟ್ಟೆ ತೊಡುತ್ತೇವೆ, ಹೂವು ಮುಡಿಯುತ್ತೇವೆ, ಕನ್ನಡಕ ಹಾಕುತ್ತೇವೆ. ಕನ್ನಡಕ ಮುಡಿದ ಎಂದರೆ ಕೇಳಿದವರು ನಗುತ್ತಾರೆ. ನಮ್ಮ ‘ಜೋರು ಮಳೆ, ಜೋರು ಗಾಳಿ’ ಇಂಗ್ಲಿಷಿನಲ್ಲಿ ‘ಹೆವಿ ರೇನ್, ಸ್ಟ್ರಾಂಗ್ ವಿಂಡ್’ ಎಂದು ಬೇರೆ ಬೇರೆ ದಾರಿ ಹಿಡಿಯುವುದೂ ಹೀಗೇ.

ಈ ಮೂರು ಪದಗಳ ಸರದಲ್ಲಿ ನಡುವಿನ ನಾಮಪದವೇ ಯಜಮಾನ. ‘ಅಟೆನ್ಷನ್’ ತೆಗೆದುಕೊಳ್ಳಿ. ‘ಪೇ ಅಟೆನ್ಷನ್ ಟು’, ‘ಡ್ರಾ ಅಟೆನ್ಷನ್ ಟು’, ‘ಗಿವ್ ಅಟೆನ್ಷನ್ ಟು’. ಕ್ರಿಯಾಪದ ಮೂರು ಸಲ ಬದಲಾಯಿತು, ‘ಟು’ ಅಲ್ಲಾಡಲಿಲ್ಲ. ‘ಇಂಟರೆಸ್ಟ್’ ನೋಡಿ. ‘ಟೇಕ್ ಆ್ಯನ್ ಇಂಟರೆಸ್ಟ್ ಇನ್’, ‘ಶೋ ಇಂಟರೆಸ್ಟ್ ಇನ್’, ‘ಲೂಸ್ ಇಂಟರೆಸ್ಟ್ ಇನ್’. ಅಲ್ಲೂ ‘ಇನ್’ ಜಾಗ ಬಿಟ್ಟು ಕದಲುವುದಿಲ್ಲ. ಅಂದರೆ ಪ್ರಿಪೊಸಿಷನ್ ನಾಮಪದದ ಸೊತ್ತು, ಕ್ರಿಯಾಪದದ್ದಲ್ಲ. ಒಂದು ನಾಮಪದದ ಬಲಗಡೆ ಏನು ಬರುತ್ತದೆ ಎಂದು ಒಮ್ಮೆ ಕಲಿತರೆ ಮೂರು ನಾಲ್ಕು ಮಾತುಗಳು ಒಟ್ಟಿಗೆ ಸಿಕ್ಕಿದ ಹಾಗೆ. ಆದರೆ ಆ ಪದ ರೂಪ ಬದಲಿಸಿದರೆ ಹುಷಾರು. ‘ಪ್ರೌಡ್ ಆಫ್ ಹರ್ ವರ್ಕ್’, ‘ಟೇಕ್ಸ್ ಪ್ರೈಡ್ ಇನ್ ಹರ್ ವರ್ಕ್’, ‘ಪ್ರೈಡ್ಸ್ ಹರ್ಸೆಲ್ಫ್ ಆನ್ ಹರ್ ವರ್ಕ್’. ಹೆಮ್ಮೆ ಒಂದೇ, ಗುಣವಾಚಕಕ್ಕೆ ‘ಆಫ್’, ನಾಮಪದಕ್ಕೆ ‘ಇನ್’, ಕ್ರಿಯಾಪದಕ್ಕೆ ‘ಆನ್’. ಇದಕ್ಕೆ ನನ್ನ ಬಳಿ ಯಾವ ಕಾರಣವೂ ಇಲ್ಲ. ಹೀಗೆ ಹೇಳುತ್ತಾರೆ, ಅಷ್ಟೇ.

‘ಲುಕ್ ಅಪ್’, ‘ಗಿವ್ ಅಪ್’ ಮುಂತಾದವು ಬೇರೆಯದೇ ಸಂಸಾರ, ಅದನ್ನು ಇಲ್ಲಿ ಎಳೆಯುವುದಿಲ್ಲ. ಗುರುತು ಹಿಡಿಯಲು ಒಂದು ಉಪಾಯ ಮಾತ್ರ ಹೇಳುತ್ತೇನೆ. ‘ಇಟ್’ ಎಲ್ಲಿ ಕೂರುತ್ತದೆ ನೋಡಿ. ‘ಲುಕ್ ಇಟ್ ಅಪ್’ ಎಂದು ನಡುವೆ ಕೂತರೆ ಆ ‘ಅಪ್’ ಪ್ರಿಪೊಸಿಷನ್ ಅಲ್ಲ. ‘ಲುಕ್ ಅಟ್ ಇಟ್’ ಎಂದು ಕೊನೆಗೆ ಕೂತರೆ ಆ ‘ಅಟ್’ ಪ್ರಿಪೊಸಿಷನ್.

ಬಾಯಿಪಾಠದ ಬಗ್ಗೆ ಕೇಳಿದಿರಿ. ಪಟ್ಟಿ ಬಾಯಿಪಾಠ ಮಾಡಬೇಡಿ. ‘ಡಿಪೆಂಡ್ ಅಂದರೆ ಅವಲಂಬಿಸು’ ಎಂದು ಬರೆದುಕೊಳ್ಳುವ ಅಭ್ಯಾಸವನ್ನೂ ಬಿಡಿ, ಎಲ್ಲ ಎಡವಟ್ಟು ಶುರುವಾಗುವುದೇ ಅಲ್ಲಿಂದ. ‘ಡಿಪೆಂಡ್ ಆನ್ ಸಮ್‌ವನ್ ಫಾರ್ ಸಮ್‌ಥಿಂಗ್’ ಎಂದು ಇಡೀ ಸರವನ್ನೇ ಬರೆಯಿರಿ, ಕೆಳಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಹಾಕಿ. ಪದವನ್ನು ಅದರ ಸಂಗಡಿಗರಿಂದ ತಿಳಿಯಬೇಕು ಎಂದು ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾತಜ್ಞರು 1957ರಲ್ಲಿ ಬರೆದರು. ಅವರ ಶಿಷ್ಯಪರಂಪರೆಯ ಜಾನ್ ಸಿಂಕ್ಲೇರ್ 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಲಕ್ಷಾಂತರ ಪದಗಳ ಬರಹವನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಜನ ಪದಗಳನ್ನು ಒಂದೊಂದಾಗಿ ಆರಿಸುವುದು ಕಡಿಮೆ, ಸಿದ್ಧ ತುಣುಕುಗಳನ್ನೇ ಎತ್ತಿಕೊಂಡು ಜೋಡಿಸುವುದು ಜಾಸ್ತಿ ಎಂದು ಅವರಿಗೆ ಕಂಡಿತು.

ಡಿಕ್ಷನರಿ ನೋಡುವಾಗಲೂ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ಡಿಕ್ಷನರಿ ನೋಡಿ. ಎ. ಎಸ್. ಹಾರ್ನ್‌ಬಿ ಮತ್ತು ಇಬ್ಬರು ಸಂಗಡಿಗರು ಜಪಾನಿನ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾ ಅಂಥದ್ದೊಂದನ್ನು ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೊದಲ್ಲಿ ಅದು ಅಚ್ಚಾಯಿತು. ಯಾವ ಕ್ರಿಯಾಪದದ ನಂತರ ಏನೇನು ಬರುತ್ತದೆ ಎಂದು ಅದರಲ್ಲಿ ನಮೂನೆಗಳನ್ನು ಕೊಟ್ಟಿದ್ದರು. ಇವತ್ತಿನ ಕಲಿಕೆಯ ಡಿಕ್ಷನರಿಗಳಲ್ಲಿ ಪದದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಪ್ರಿಪೊಸಿಷನ್ ಕೊಟ್ಟಿರುತ್ತಾರೆ. ನಾವು ಅರ್ಥ ನೋಡಿ ಪುಟ ಮುಚ್ಚಿಬಿಡುತ್ತೇವೆ. ಇನ್ನು ಎರಡು ಸಾಲು ಕೆಳಗೆ ಕಣ್ಣು ಹಾಯಿಸಿ, ನಿಮಗೆ ಬೇಕಾದದ್ದು ಅಲ್ಲೇ ಇರುತ್ತದೆ.

ಈಗ ನಿಮ್ಮ ಕೊನೆಯ ಸಾಲು. ನಿಮಗೆ ಯಾಕೆ ಅನುಮಾನ ಬಂತು ಎಂದು ನನಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ‘ನಾನು ಬರೆದ ಪತ್ರ’ ಅನ್ನುತ್ತೇವೆ, ‘ನಾನು ಬರೆದ ಪೆನ್ನು’ ಎಂದೂ ಅನ್ನುತ್ತೇವೆ. ಮೊದಲನೆಯದು ಪತ್ರವನ್ನು ಬರೆದದ್ದು, ಎರಡನೆಯದು ಪೆನ್ನಿನಿಂದ ಬರೆದದ್ದು. ‘ಅನ್ನು’, ‘ಇಂದ’ ಎರಡೂ ಮಾಯ, ಆದರೂ ಯಾರಿಗೂ ಗೊಂದಲವಿಲ್ಲ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ದ ಲೆಟರ್ ಐ ರೋಟ್’, ಆದರೆ ‘ದ ಪೆನ್ ಐ ರೋಟ್ ವಿತ್’. ‘ನಾವು ಕೂತ ಕುರ್ಚಿ’ಗೆ ‘ದ ಚೇರ್ ವಿ ಸ್ಯಾಟ್ ಆನ್’. ಪ್ರಶ್ನೆಯಲ್ಲೂ ಹಾಗೇ. ‘ಯಾರಿಗೆ ಕಾಯ್ತಾ ಇದೀಯ’ ಅನ್ನುವಾಗ ನಮ್ಮ ‘ಗೆ’ ಮೊದಲೇ ಬಂದು ಕೂತಿರುತ್ತದೆ. ಇಂಗ್ಲಿಷಿನಲ್ಲಿ ‘ಹೂ ಆರ್ ಯು ವೇಟಿಂಗ್ ಫಾರ್’ ಎಂದು ‘ಫಾರ್’ ಕೊನೆಗೆ ಬರುತ್ತದೆ, ನಾವು ಅದನ್ನು ಮರೆತುಬಿಡುತ್ತೇವೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. 1672ರಲ್ಲಿ ಕವಿ ಜಾನ್ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಇದನ್ನು ದೋಷ ಎಂದು ಎತ್ತಿ ತೋರಿಸಿದ್ದ. ಅದೇ ಮುಂದೆ ನಿಯಮದ ಹಾಗೆ ಹಬ್ಬಿತು. ಇಂಗ್ಲಿಷ್ ಮಾತಾಡುವವರು ಡ್ರೈಡನ್‌ಗಿಂತ ಮುಂಚೆಯೂ ಹಾಗೆ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ.

ಅನುಮಾನ ಬಂದಾಗ ವಾಕ್ಯವನ್ನು ಬಿಡಿಸಿ ನೇರ ಮಾಡಿ. ‘ವಿ ಸ್ಯಾಟ್ ಆನ್ ದ ಚೇರ್’. ಇಲ್ಲಿ ‘ಆನ್’ ಇದೆ, ಹಾಗಾಗಿ ಮಡಚಿದಾಗಲೂ ‘ಆನ್’ ಉಳಿಯಬೇಕು. ನಿಮ್ಮ ಸಾಲನ್ನು ಬಿಡಿಸಿದರೆ ‘ವಿ ಆರ್ ಫೇಸಿಂಗ್ ದ ಪ್ರಾಬ್ಲಮ್’. ‘ಫೇಸ್’ಗೆ ತನ್ನದೇ ಕೈ ಇದೆ, ನಡುವೆ ಯಾವ ಕೊಂಡಿಯೂ ಇಲ್ಲ. ಹಾಗಾಗಿ ‘ದಿಸ್ ಈಸ್ ದ ಪ್ರಾಬ್ಲಮ್ ವಿ ಆರ್ ಫೇಸಿಂಗ್’ ಎಂಬುದರಲ್ಲಿ ಏನೂ ಬಿಟ್ಟುಹೋಗಿಲ್ಲ. ಅದು ಇದ್ದ ಹಾಗೇ ಇರಲಿ.